ಪಚ್ಚೆ ಹರಳಿನ ಬೆನ್ನು ಹತ್ತಿ, ಹಳೇ ಪೇಪರ್ ಕೈಲಿ ಹಿಡಿದು

1985ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ತೆಗೆದ ಒಂದು ಫೋಟೊ ಇದೆ. ನೀವೂ ಎಲ್ಲೋ ನೋಡಿರುತ್ತೀರಿ. ರಾಜಕುಮಾರಿ ಡಯಾನಾ ಗಂಡ ಚಾರ್ಲ್ಸ್ ಜೊತೆ ಕುಣಿಯುತ್ತಿದ್ದಾರೆ. ಹಣೆಗೆ ಪಟ್ಟಿಯ ಹಾಗೆ ಪಚ್ಚೆ, ವಜ್ರದ ಒಡವೆ ಕಟ್ಟಿದ್ದಾರೆ. ಅದನ್ನು ಹಣೆಗೆಂದು ಮಾಡಿದ್ದಲ್ಲ. ಕುತ್ತಿಗೆಗೆ ಬಿಗಿಯಾಗಿ ಕೂರುವ ಚೋಕರ್ ಅದು. ಬಿಸಿಲಿಗೆ ಕುತ್ತಿಗೆ ಸುಟ್ಟಿತ್ತಂತೆ, ಅದಕ್ಕೇ ಹಣೆಗೇರಿತಂತೆ. ಹಾಗೇನಿಲ್ಲ, ಸುಮ್ನೆ ಫ್ಯಾಷನ್‌ಗೆ ಕಟ್ಟಿದ್ದಂತೆ.

ಆ 'ಅಂತೆ'ಯನ್ನು ಸ್ವಲ್ಪ ಗಮನಿಸಿ. ಕನ್ನಡದಲ್ಲಿ ಇದೊಂದು ದೊಡ್ಡ ಅನುಕೂಲ. ನಾನು ಕಂಡದ್ದಲ್ಲ, ಯಾರೋ ಹೇಳಿದ್ದು ಅಂತ ತಿಳಿಸೋಕೆ ಕ್ರಿಯಾಪದದ ಕೊನೆಗೆ ಎರಡಕ್ಷರ ಅಂಟಿಸಿದರೆ ಸಾಕು. ಲಂಡನ್ನಿನ ಹಳೇ ಪತ್ರಿಕೆಗಳಿಗೆ ಈ ಅನುಕೂಲ ಇರಲಿಲ್ಲ. ವರದಿಗಾರ ಕಣ್ಣಾರೆ ಕಂಡದ್ದನ್ನೂ, ಹೊಲಿಗೆಯವಳು ಚೀಟಿ ಬರೆದು ಕಳಿಸಿದ್ದನ್ನೂ, ಊಟದ ಮೇಜಿನಲ್ಲಿ ಕಿವಿಗೆ ಬಿದ್ದದ್ದನ್ನೂ ಒಂದೇ ಧಾಟಿಯಲ್ಲಿ 'ಆಗಿದೆ', 'ಇತ್ತು', 'ಧರಿಸಿದ್ದರು' ಎಂದು ಬರೆದುಬಿಡುತ್ತಿದ್ದ. ರಾಜಮನೆತನದ ಒಡವೆಗಳ ಜಾಡನ್ನು ಹಳೇ ಪೇಪರ್‌ಗಳಲ್ಲಿ ಹಿಡಿಯುವುದು ಅಂದರೆ ಮೊದಲು ಪ್ರತಿ ವಾಕ್ಯಕ್ಕೂ ಒಂದು 'ಅಂತೆ' ಅಂಟಿಸುವುದು. ಆಮೇಲೆ ಸಾಕ್ಷಿ ಸಿಕ್ಕ ಕಡೆ ಅದನ್ನು ಒಂದೊಂದಾಗಿ ಕಿತ್ತು ಹಾಕುವುದು.

ಡಯಾನಾ ಹಣೆಯ ಮೇಲಿದ್ದ ಚೋಕರ್ ರಾಣಿ ಮೇರಿಯದ್ದು, ಅಂದರೆ ಚಾರ್ಲ್ಸ್‌ ಅವರ ಮುತ್ತಜ್ಜಿಯದ್ದು. ಇಷ್ಟರ ಬಗ್ಗೆ ತಕರಾರಿಲ್ಲ. ಆದರೆ ಅದರ ಪಚ್ಚೆಗಳಿಗೆ ಎರಡು ಜನ್ಮಕಥೆಗಳು ಅಚ್ಚಾಗಿ ಓಡಾಡುತ್ತಿವೆ. ಒಂದರ ಪ್ರಕಾರ ಅವು ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಲಾಟರಿ ಹೊಡೆದು ಬಂದ ಹರಳುಗಳು. ಇನ್ನೊಂದರ ಪ್ರಕಾರ ಭಾರತದ ಹೆಂಗಸರು 1911ರಲ್ಲಿ ದೆಹಲಿಯಲ್ಲಿ ಕೊಟ್ಟ ಉಡುಗೊರೆ. ಒಂದೇ ಚೋಕರ್‌ಗೆ ಇಷ್ಟು ದೂರದ ಎರಡು ತವರು ಹೇಗೆ ಬಂದವು ಅನ್ನೋದು ಅರ್ಥವಾದರೆ, ಈ ಇಡೀ ವಿದ್ಯೆ ಮುಕ್ಕಾಲು ಭಾಗ ಅರ್ಥವಾದ ಹಾಗೆ.

ಲಾಟರಿಯಿಂದಲೇ ಶುರು ಮಾಡೋಣ. 1818ರಲ್ಲಿ ಇಂಗ್ಲೆಂಡಿನ ಮೂರನೇ ಜಾರ್ಜ್ ದೊರೆಯ ಮಗ, ಕೇಂಬ್ರಿಡ್ಜ್ ಡ್ಯೂಕ್ ಅಡಾಲ್ಫಸ್, ಹೆಸ್ಸೆ-ಕಾಸೆಲ್‌ನ ರಾಜಕುಮಾರಿ ಅಗಸ್ಟಾರನ್ನು ಮದುವೆಯಾದರು. ಅದೇ ವರ್ಷ ಫ್ರಾಂಕ್‌ಫರ್ಟ್‌ನಲ್ಲಿ ಧರ್ಮಕಾರ್ಯಕ್ಕೆಂದು ನಡೆದ ಲಾಟರಿಯಲ್ಲಿ ಡಚೆಸ್ ಟಿಕೆಟ್ ಕೊಂಡರು. ಬಹುಮಾನವಾಗಿ ಸುಮಾರು 40 ಪಚ್ಚೆಗಳಿದ್ದ ಒಂದು ಪೆಟ್ಟಿಗೆ ಬಂತು. ಬೇರೆ ಬೇರೆ ಗಾತ್ರದ ಹರಳುಗಳು. ವಜ್ರದ ಹಾಗೆ ಮುಖಗಳನ್ನು ಕತ್ತರಿಸಿದ್ದಲ್ಲ. ಮೇಲ್ಭಾಗವನ್ನು ಉಬ್ಬಾಗಿ, ನುಣ್ಣಗೆ ಉಜ್ಜಿದ್ದು. ಇದಕ್ಕೆ ಕ್ಯಾಬೊಶಾನ್ ಎನ್ನುತ್ತಾರೆ. ಈ ಉಬ್ಬು ಆಕಾರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಪಚ್ಚೆಗಳು ಡಚೆಸ್‌ರಿಂದ ಮಗಳು ಮೇರಿ ಅಡಿಲೇಡ್‌ಗೆ ಬಂದವು. ಈ ಮೇರಿ ಅಡಿಲೇಡ್ ರಾಣಿ ಮೇರಿಯ ತಾಯಿ. ಬಹಳ ಜನಪ್ರಿಯ ಹೆಂಗಸು, ಕೈ ಮಾತ್ರ ವಿಪರೀತ ದುಂದು. ಸಾಲ ಮಿತಿ ಮೀರಿ 1883ರಲ್ಲಿ ಸಂಸಾರ ಸಮೇತ ಇಟಲಿಯ ಫ್ಲಾರೆನ್ಸ್‌ಗೆ ಹೋಗಿ ಇರಬೇಕಾಯಿತು. ಆದರೂ ಪಚ್ಚೆ ಕೈ ಬಿಟ್ಟು ಹೋಗಲಿಲ್ಲ. 1897ರಲ್ಲಿ ಅವರು ತೀರಿಕೊಂಡ ಮೇಲೆ ಅವು ಮಗ ಫ್ರಾನ್ಸಿಸ್ ಪಾಲಾದವು. ಫ್ರಾಂಕ್ ಎಂದೇ ಎಲ್ಲರೂ ಕರೆಯುತ್ತಿದ್ದುದು. ಕುದುರೆ ಜೂಜು ಅವರ ದೌರ್ಬಲ್ಯ. ಮದುವೆಯಾಗಲಿಲ್ಲ. 1910ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಪಚ್ಚೆಗಳನ್ನು ಮನೆಯವರಿಗೆ ಬಿಡಲಿಲ್ಲ, ತಮ್ಮ ಪ್ರೇಯಸಿ, ಕಿಲ್ಮೊರಿಯ ಕೌಂಟೆಸ್ ನೆಲ್ಲಿಗೆ ಬಿಟ್ಟು ಹೋದರು.

ಇಲ್ಲಿ ಪತ್ರಿಕೆ ಓದುವವನಿಗೆ ಒಂದು ಗೋಡೆ ಅಡ್ಡ ಬರುತ್ತದೆ.

ಇಂಗ್ಲೆಂಡಿನಲ್ಲಿ ಸತ್ತವರ ಉಯಿಲು ಕೋರ್ಟಿಗೆ ಬಂದು ನೋಂದಣಿಯಾದರೆ ಅದು ಸಾರ್ವಜನಿಕ ದಾಖಲೆ. ಯಾರು ಬೇಕಾದರೂ ಓದಬಹುದು. ಪತ್ರಿಕೆಗಳು ಅದಕ್ಕೇ ಅಂತ ಅಂಕಣ ಇಟ್ಟಿದ್ದವು. ಯಾರು ಎಷ್ಟು ಪೌಂಡ್ ಬಿಟ್ಟರು, ಮುತ್ತಿನ ಸರ ಯಾವ ಸೊಸೆಗೆ, ಬೆಳ್ಳಿ ಪಾತ್ರೆ ಯಾವ ತಮ್ಮನಿಗೆ ಅನ್ನೋದೆಲ್ಲ ಅಚ್ಚಾಗುತ್ತಿತ್ತು. ಒಡವೆ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಮೂಲ ಇಲ್ಲ. ಫ್ರಾಂಕ್ ಉಯಿಲೂ ಹಾಗೇ ಪೇಪರ್‌ಗೆ ಬರಬೇಕಿತ್ತು. ಬಂದಿದ್ದರೆ ರಾಣಿಯ ತಮ್ಮನೇ ತಾಯಿಯ ಪಚ್ಚೆಗಳನ್ನು ಬೇರೊಬ್ಬರ ಹೆಂಡತಿಗೆ ಕೊಟ್ಟ ಸುದ್ದಿ, ಅಕ್ಕನ ಪಟ್ಟಾಭಿಷೇಕದ ವರ್ಷದಲ್ಲೇ, ಊರೆಲ್ಲ ಹಬ್ಬುತ್ತಿತ್ತು. ಹಾಗಾಗಲಿಲ್ಲ. 1911ರಲ್ಲಿ ನ್ಯಾಯಾಧೀಶ ಸರ್ ಸ್ಯಾಮ್ಯುಯೆಲ್ ಇವಾನ್ಸ್ ಆ ಉಯಿಲಿಗೆ ಮೊಹರು ಹಾಕಿಸಿದರು. ಬ್ರಿಟಿಷ್ ರಾಜಮನೆತನದ ಉಯಿಲು ಹೀಗೆ ಮುಚ್ಚಿಹೋದದ್ದು ಅದೇ ಮೊದಲು. ಆಮೇಲೆ ಅದೇ ರೂಢಿಯಾಯಿತು. 2021ರಲ್ಲಿ ಎರಡನೇ ಎಲಿಜಬೆತ್ ರಾಣಿಯ ಗಂಡ ಫಿಲಿಪ್ ಅವರ ಉಯಿಲನ್ನು 90 ವರ್ಷ ಮುಚ್ಚಿಡಬೇಕು ಅಂತ ಆದೇಶ ಕೊಟ್ಟಾಗಲೂ ನ್ಯಾಯಾಧೀಶರು ಈ ಫ್ರಾಂಕ್ ಪ್ರಕರಣದಿಂದಲೇ ಇತಿಹಾಸ ಶುರು ಮಾಡಿದರು.

ಹಾಗಾಗಿ 1911ರ ಪೇಪರ್‌ನಲ್ಲಿ ನಮಗೆ ಸಿಗೋದು ಉಯಿಲಿನ ವಿವರ ಅಲ್ಲ, ಉಯಿಲಿಗೆ ಬಿದ್ದ ಬೀಗ. ರಾಣಿ ಮೇರಿ ಕೌಂಟೆಸ್ ಹತ್ತಿರ ಪಚ್ಚೆಗಳನ್ನು ವಾಪಸ್ ಪಡೆದರು. ಅದಕ್ಕೆ 10,000 ಪೌಂಡ್ ಕೊಟ್ಟರಂತೆ. ಈ 'ಅಂತೆ' ಇವತ್ತಿಗೂ ಹಾಗೇ ಇರಲಿ, ಕೀಳಬೇಡಿ. ಪಚ್ಚೆ ವಾಪಸ್ ಬಂದದ್ದು ಮಾತ್ರ ಖಂಡಿತ. ಯಾಕೆಂದರೆ ಅದೇ ವರ್ಷ ಡಿಸೆಂಬರ್ 12ರಂದು ಅವು ದೆಹಲಿಯಲ್ಲಿ ರಾಣಿಯ ತಲೆಯ ಮೇಲಿದ್ದವು.

ರಾಣಿಯ ಗಂಡ ಐದನೇ ಜಾರ್ಜ್ ಭಾರತದ ಚಕ್ರವರ್ತಿಯಾದದ್ದನ್ನು ಸಾರಲು ನಡೆದ ದೆಹಲಿ ದರ್ಬಾರಿಗೆಂದು ಗ್ಯಾರಾರ್ಡ್ ಕಂಪನಿ ಮಾಡಿಕೊಟ್ಟ ಟಿಯಾರಾದ, ಅಂದರೆ ಹೆಂಗಸರು ತಲೆಗೆ ತೊಡುವ ಕಿರೀಟದಂಥ ಒಡವೆಯ, ಮೇಲಂಚಿನಲ್ಲಿ ಹತ್ತು ಪಚ್ಚೆಗಳು ನೆಟ್ಟಗೆ ನಿಂತಿದ್ದವು. ಜೊತೆಗೆ ಒಂಬತ್ತು ಪಚ್ಚೆಗಳ ನೆಕ್ಲೇಸ್. ಅದರ ಕೆಳಗೆ ಉದ್ದ ವ್ಯತ್ಯಾಸವಿರುವ ಎರಡು ಪದಕ. ಒಂದರಲ್ಲಿ ಪಚ್ಚೆ, ಇನ್ನೊಂದರಲ್ಲಿ ಕಲಿನನ್ ಎಂಬ ದೈತ್ಯ ವಜ್ರದಿಂದ ಕತ್ತರಿಸಿದ 8.8 ಕ್ಯಾರಟ್‌ನ ಹರಳು. ಕಿವಿಗೆ, ಎದೆಗೆ, ಕೈಗೆ ಎಲ್ಲ ಸೇರಿ ಒಂದು ಪೂರ್ತಿ ಸೆಟ್.

ಈಗ ನೀವು ಯಾವುದಾದರೂ ಪತ್ರಿಕಾ ಸಂಗ್ರಹದಲ್ಲಿ ದರ್ಬಾರ್, ಪಚ್ಚೆ ಎಂಬ ಎರಡು ಪದ ಹಾಕಿ ಹುಡುಕಿದರೆ ರಾಶಿ ರಾಶಿ ಫಲಿತಾಂಶ ಬರುತ್ತದೆ. ಖುಷಿಯಾಗಬೇಡಿ. ಅದರಲ್ಲಿ ಮೂರು ಬೇರೆ ಬೇರೆ ವಸ್ತುಗಳು ಕಲಸಿಹೋಗಿವೆ. ಮೊದಲನೆಯದು ಈಗ ಹೇಳಿದ ಲಾಟರಿಯ ಪಚ್ಚೆ. ಎರಡನೆಯದು ಐದನೇ ಜಾರ್ಜ್ ದೊರೆಯ ಕಿರೀಟ. ಇಂಗ್ಲೆಂಡಿನ ಪಟ್ಟಾಭಿಷೇಕದ ಕಿರೀಟವನ್ನು ದೇಶದಾಚೆ ಒಯ್ಯುವ ಹಾಗಿರಲಿಲ್ಲ. ಅದಕ್ಕೆ ದರ್ಬಾರಿಗೆಂದೇ 60,000 ಪೌಂಡ್ ಖರ್ಚು ಮಾಡಿ ಬೇರೆ ಕಿರೀಟ ಮಾಡಿಸಿದರು. ಅದರಲ್ಲೂ ದೊಡ್ಡ ದೊಡ್ಡ ಪಚ್ಚೆಗಳಿವೆ. ತಲೆನೋವು ಬರುವಷ್ಟು ಭಾರ ಅಂತ ದೊರೆಯೇ ಗೊಣಗಿಕೊಂಡ ಕಿರೀಟ ಅದು. ಮೂರನೆಯದು ಪಟಿಯಾಲದ ಮಹಾರಾಣಿ ಭಾರತದ ಹೆಂಗಸರ ಪರವಾಗಿ ರಾಣಿ ಮೇರಿಗೆ ಕೊಟ್ಟ ಪಚ್ಚೆ ಒಡವೆ. ರಾಣಿ ಅದಕ್ಕೆ ಕೃತಜ್ಞತೆ ಹೇಳಿ ಮಾಡಿದ ಭಾಷಣವೂ ಪತ್ರಿಕೆಗಳಲ್ಲಿ ಬಂತು.

ಕಿರೀಟ, ಉಡುಗೊರೆ, ಲಾಟರಿಯ ಹರಳು. ಮೂರೂ ಪಚ್ಚೆ, ಮೂರೂ 1911, ಮೂರೂ ದೆಹಲಿ. ನಲವತ್ತು ವರ್ಷ ಬಿಟ್ಟು ಬರೆಯುವ ವರದಿಗಾರ ಇವನ್ನು ಒಂದೇ ಮೂಟೆಗೆ ಕಟ್ಟಿ 'ದರ್ಬಾರ್ ಪಚ್ಚೆ' ಅಂದುಬಿಟ್ಟರೆ ಆಶ್ಚರ್ಯವೇನು? ಡಯಾನಾ ಚೋಕರ್‌ಗೆ ಎರಡು ತವರು ಬಂದದ್ದು ಇಂಥ ಕಲಸುಮೇಲೋಗರದ ನೆರಳಲ್ಲೇ. ಈ ಗೊಂದಲ ಬಿಡಿಸೋಕೆ ಒಡವೆಯ ಹೆಸರನ್ನು ನಂಬಬಾರದು. ಹರಳಿನ ಆಕಾರ ನೋಡಬೇಕು, ಎಣಿಸಬೇಕು. ಉಬ್ಬಾಗಿ ಉಜ್ಜಿದ್ದೋ, ಚೌಕಕ್ಕೆ ಕತ್ತರಿಸಿದ್ದೋ, ಮೇಲೆ ಕೆತ್ತನೆ ಇದೆಯೋ, ಹನಿಯಾಕಾರವೋ? ವರದಿಯಲ್ಲಿ ಇಂಥ ಒಂದು ಪದ ಸಿಕ್ಕರೂ ಅದು ನಾಲ್ಕು ಪ್ಯಾರಾ ಹೊಗಳಿಕೆಗಿಂತ ಮೇಲು.

ಯಾಕೆಂದರೆ ಒಡವೆಗಿಂತ ಹರಳಿಗೆ ಆಯಸ್ಸು ಜಾಸ್ತಿ. ರಾಣಿ ಮೇರಿಯಂತೂ ಒಂದು ಒಡವೆಯನ್ನು ಇದ್ದ ಹಾಗೆ ಬಿಟ್ಟವರೇ ಅಲ್ಲ. ದರ್ಬಾರ್ ಟಿಯಾರಾವನ್ನು ಮರುವರ್ಷವೇ ದೊಡ್ಡ ಕಲಿನನ್ ವಜ್ರಗಳನ್ನು ಕೂರಿಸುವ ಹಾಗೆ ಬದಲಿಸಿದರು. 1922ರಲ್ಲಿ ಮೇಲಿನ ಹತ್ತು ಪಚ್ಚೆಗಳನ್ನು ತೆಗೆಸಿಯೇಬಿಟ್ಟರು. 2005ರಲ್ಲಿ ಚಾರ್ಲ್ಸ್ ಅವರ ಎರಡನೇ ಹೆಂಡತಿ ಕ್ಯಾಮಿಲ್ಲಾ ಅದೇ ಟಿಯಾರಾ ಧರಿಸಿದಾಗ ಅದರಲ್ಲಿ ಒಂದೂ ಪಚ್ಚೆ ಇರಲಿಲ್ಲ. ಹೆಸರು ದರ್ಬಾರಿನದ್ದು, ದರ್ಬಾರಿನ ಪಚ್ಚೆ ಬೇರೆಲ್ಲೋ.

ಆ 'ಬೇರೆಲ್ಲೋ' ಕಡೆಗೆ ಹೋಗೋಣ. ರಷ್ಯಾದ ಗ್ರ್ಯಾಂಡ್ ಡಚೆಸ್ ಮರಿಯಾ ಪಾವ್ಲೊವ್ನಾ ಹತ್ತಿರ ಒಂದು ಟಿಯಾರಾ ಇತ್ತು. ಒಂದಕ್ಕೊಂದು ಹೆಣೆದುಕೊಂಡ 15 ವಜ್ರದ ಬಳೆಗಳು, ಪ್ರತಿ ಬಳೆಯೊಳಗೆ ತೂಗುವ ಒಂದು ಮುತ್ತು. ಕ್ರಾಂತಿಯ ಗಲಾಟೆಯಲ್ಲಿ, 1917ರಲ್ಲಿ, ಬರ್ಟಿ ಸ್ಟಾಪ್‌ಫರ್ಡ್ ಎಂಬ ಇಂಗ್ಲಿಷ್ ಸ್ನೇಹಿತ ಅವರ ಅರಮನೆಯೊಳಗೆ ನುಸುಳಿ ಒಡವೆಗಳನ್ನು ಹೊರಗೆ ತಂದ. ಕೂಲಿಯವನ ವೇಷ ಹಾಕಿದ್ದನಂತೆ. 1920ರಲ್ಲಿ ಗ್ರ್ಯಾಂಡ್ ಡಚೆಸ್ ಫ್ರಾನ್ಸ್‌ನಲ್ಲಿ ತೀರಿಕೊಂಡರು. ಮಗಳು ಆ ಟಿಯಾರಾವನ್ನು 1921ರಲ್ಲಿ ರಾಣಿ ಮೇರಿಗೆ 28,000 ಪೌಂಡ್‌ಗೆ ಮಾರಿದರು. 1924ರಲ್ಲಿ ರಾಣಿ ಇನ್ನೊಂದು ಕೆಲಸ ಮಾಡಿಸಿದರು. ಮುತ್ತು ಬಿಚ್ಚಿ ಆ ಜಾಗಕ್ಕೆ ಪಚ್ಚೆ ತೂಗುಹಾಕುವ ವ್ಯವಸ್ಥೆ. ಬಳೆ 15, ಪಚ್ಚೆ 15. ಆ ಹದಿನೈದೂ ಲಾಟರಿಯ ಪೆಟ್ಟಿಗೆಯವು.

ಇಲ್ಲಿ ಇಸವಿ ಹೇಗೆ ಕೆಲಸ ಮಾಡುತ್ತದೆ ನೋಡಿ. ದರ್ಬಾರ್ ಟಿಯಾರಾದ ಹತ್ತು ಪಚ್ಚೆ ಹೊರಗೆ ಬಂದದ್ದು 1922ರಲ್ಲಿ. ಯಾರಾದರೂ ಒಂದು ದಿನದ ವರದಿಯಲ್ಲಿ ರಷ್ಯನ್ ಟಿಯಾರಾಗೆ ಪಚ್ಚೆ ಹಾಕಿಕೊಂಡಿದ್ದರು ಅಂತಲೂ, ದರ್ಬಾರ್ ಟಿಯಾರಾದ ಮೇಲೆ ಪಚ್ಚೆ ನಿಂತಿತ್ತು ಅಂತಲೂ ಒಟ್ಟಿಗೆ ಬರೆದರೆ, ಅದು 1922ರ ನಂತರದ್ದಾದರೆ, ಎರಡರಲ್ಲಿ ಒಂದು ಸುಳ್ಳು. ವರದಿಗಾರ ಆವತ್ತು ಅಲ್ಲಿರಲಿಲ್ಲ, ಹಳೇ ಕತ್ತರಿಕೆ ನೋಡಿ ಬರೆದಿದ್ದಾನೆ. ಪೇಪರ್ ಆಫೀಸುಗಳಲ್ಲಿ ಇಂಥ ಕತ್ತರಿಕೆಗಳ ಕಡತ ಇರುತ್ತಿತ್ತು. ಒಮ್ಮೆ ತಪ್ಪು ನುಸುಳಿದರೆ ಅದು ಮೂವತ್ತು ವರ್ಷ ಮರಿ ಹಾಕುತ್ತಿತ್ತು.

ಹುಡುಕುವಾಗ ಮೊದಲು ಕಾಲಿಗೆ ತೊಡರೋದು ಹೆಸರು. ಈಗಿನ ಹೆಸರು ಹಾಕಿದರೆ ಆಗಿನ ಸುದ್ದಿ ಸಿಗಲ್ಲ. 'ರಾಣಿ ಮೇರಿ' ಎಂಬಾಕೆ 1910ರ ಮೇ ತಿಂಗಳಿಗೆ ಮುಂಚೆ ಇರಲೇ ಇಲ್ಲ. 1893ರ ಜುಲೈವರೆಗೆ ಅವರು ಟೆಕ್‌ನ ರಾಜಕುಮಾರಿ ಮೇ. ಮದುವೆಯಾದ ಮೇಲೆ ಡಚೆಸ್ ಆಫ್ ಯಾರ್ಕ್. 1901ರ ಕೊನೆಯಲ್ಲಿ ಪ್ರಿನ್ಸೆಸ್ ಆಫ್ ವೇಲ್ಸ್. ಆದರೆ ಅದೇ 1901ರ ಜನವರಿಗೆ ಮುಂಚಿನ ಪೇಪರ್‌ನಲ್ಲಿ ಪ್ರಿನ್ಸೆಸ್ ಆಫ್ ವೇಲ್ಸ್ ಅಂದರೆ ಅವರ ಅತ್ತೆ ಅಲೆಕ್ಸಾಂಡ್ರಾ! 1923ರ ನಂತರದ ಡಚೆಸ್ ಆಫ್ ಯಾರ್ಕ್ ಅಂದರೆ ಅವರ ಸೊಸೆ. ಎರಡೇ ಬಿರುದುಗಳು ಮೂರು ತಲೆಮಾರಿನ ಹೆಂಗಸರ ಮೇಲೆ ಹರಿದಾಡುತ್ತವೆ. ಒಡವೆಗಳೂ ಹಾಗೇ ಹರಿದಾಡುವುದರಿಂದ ಅತ್ತೆಯ ಪಚ್ಚೆ ಸೊಸೆಗೆ, ಸೊಸೆಯದ್ದು ಅತ್ತೆಗೆ ಅಂಟಿಕೊಳ್ಳಲು ಜಾಸ್ತಿ ಹೊತ್ತು ಬೇಡ. ನಾನು ಹುಡುಕಾಟಕ್ಕೆ ಕೂರುವ ಮುಂಚೆ ಒಂದು ಚೀಟಿಯಲ್ಲಿ ಯಾವ ವರ್ಷ ಯಾರು ಯಾವ ಹೆಸರಿನಲ್ಲಿದ್ದರು ಅಂತ ಬರೆದಿಟ್ಟುಕೊಳ್ಳುತ್ತೇನೆ. ಬೋರಿಂಗ್ ಕೆಲಸ. ಬಿಟ್ಟರೆ ಸಂಜೆಯೆಲ್ಲ ದಂಡ.

ಇನ್ನೊಂದು ತೊಡಕು ಕಂಪ್ಯೂಟರ್‌ನದ್ದು. ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್ 2011ರಿಂದ ಇದೆ, ದುಡ್ಡು ಕಟ್ಟಬೇಕು. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್, ನ್ಯೂಜಿಲೆಂಡಿನ ಪೇಪರ್ಸ್ ಪಾಸ್ಟ್, ಫ್ರಾನ್ಸಿನ ಗ್ಯಾಲಿಕಾ ಪುಕ್ಕಟೆ. ಇವೆಲ್ಲ ಹಳೇ ಪುಟದ ಚಿತ್ರವನ್ನು ಯಂತ್ರದಿಂದ ಓದಿಸಿ ಅಕ್ಷರ ಮಾಡಿರುತ್ತವೆ. ಸವೆದ ಅಚ್ಚುಮೊಳೆ, ಹಿಂಬದಿಯಿಂದ ಒಸರಿದ ಶಾಯಿ, ಮಡಿಕೆಯ ಗೆರೆ ಇದ್ದರೆ ಯಂತ್ರ ಪಚ್ಚೆಯನ್ನು ಇನ್ನೇನೋ ಮಾಡಿಬಿಡುತ್ತದೆ. ಪದ ಸಿಗಲಿಲ್ಲ ಅಂದ ಮಾತ್ರಕ್ಕೆ ಸುದ್ದಿ ಇಲ್ಲ ಅಂತಲ್ಲ. ಸಮಾರಂಭದ ತಾರೀಖು ಗೊತ್ತಿದ್ದರೆ ಆ ವಾರದ ಪುಟಗಳನ್ನು ಕಣ್ಣಲ್ಲೇ ತಿರುವಿ ಹಾಕೋದು ಉತ್ತಮ. ಟ್ರೋವ್‌ನಲ್ಲಿ ಓದುಗರೇ ಅಕ್ಷರ ತಿದ್ದುತ್ತಾರೆ, ಹಾಗಾಗಿ ಅದು ನನಗೆ ಅಚ್ಚುಮೆಚ್ಚು.

ಆಸ್ಟ್ರೇಲಿಯಾ ಪೇಪರ್‌ನಲ್ಲಿ ಲಂಡನ್ ರಾಣಿಯ ಒಡವೆ ಯಾಕೆ ಹುಡುಕಬೇಕು ಅಂತ ಕೇಳಬಹುದು. ಅಲ್ಲಿನ ಓದುಗರಿಗೆ ಅರಮನೆ ಸುದ್ದಿ ಅಂದರೆ ಪಂಚಪ್ರಾಣ. ಲಂಡನ್ ಪತ್ರಿಕೆಗಳ ವರದಿಯನ್ನು ಅವರು ಉದ್ದುದ್ದ ಎತ್ತಿ ಹಾಕುತ್ತಿದ್ದರು. ಕೆಲವು ಸಲ ಮೂಲ ಲೇಖನ ಡಿಜಿಟಲ್ ಆಗಿರುವುದಿಲ್ಲ, ನಕಲು ಆಗಿರುತ್ತದೆ. ಆದರೆ ತಾರೀಖಿನ ಬಗ್ಗೆ ಹುಷಾರು. 1872ರಲ್ಲಿ ಲಂಡನ್ ಜೊತೆ ತಂತಿ ಸಂಪರ್ಕ ಬಂದ ಮೇಲೂ ತಂತಿಯಲ್ಲಿ ಬರುತ್ತಿದ್ದುದು ಎರಡು ಸಾಲಿನ ಸುದ್ದಿ ಮಾತ್ರ, ಒಂದೊಂದು ಪದಕ್ಕೂ ಕಾಸು. ಯಾರು ಯಾವ ಬಟ್ಟೆ, ಯಾವ ಹರಳು ಅನ್ನೋ ಉದ್ದ ವರ್ಣನೆ ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ ಮಾಡಿ ಬರುತ್ತಿತ್ತು. 'ಮೊನ್ನೆ ನಡೆದ ಭೋಜನಕೂಟ' ಅಂತ ಅಲ್ಲಿ ಬರೆದಿದ್ದರೆ ಆ ಮೊನ್ನೆ ಯಾವ ತಿಂಗಳಿನದ್ದು ಅಂತ ಲೆಕ್ಕ ಹಾಕಿಕೊಳ್ಳಿ.

ಎಲ್ಲ ಸುದ್ದಿಗೂ ಒಂದೇ ತೂಕ ಇಲ್ಲ. ಅರಮನೆಯ ಅಧಿಕೃತ ಪ್ರಕಟಣೆ, ಕೋರ್ಟ್ ಸರ್ಕ್ಯುಲರ್, 1803ರಲ್ಲಿ ಶುರುವಾಯಿತು. ಪತ್ರಿಕೆಗಳು ತಮ್ಮ ಓಡಾಟದ ಬಗ್ಗೆ ತಪ್ಪು ಬರೀತಾವೆ ಅಂತ ಮೂರನೇ ಜಾರ್ಜ್‌ಗೆ ಸಿಟ್ಟು ಬಂದಿತ್ತು. ಯಾರು ಎಲ್ಲಿ ಹೋದರು, ಯಾರು ಬಂದರು ಅನ್ನೋದಕ್ಕೆ ಅದನ್ನು ನೆಚ್ಚಬಹುದು. ಒಡವೆ ವಿಚಾರಕ್ಕೆ ಅದು ಹೆಚ್ಚು ಪ್ರಯೋಜನವಿಲ್ಲ. ಮದುವೆ ಉಡುಗೊರೆಗಳ ಪಟ್ಟಿ ಚಿನ್ನದಂಥ ಮೂಲ. ಯಾರು ಏನು ಕೊಟ್ಟರು ಅಂತ ಸಾಲುಸಾಲಾಗಿ ಅಚ್ಚಾಗುತ್ತಿತ್ತು, ಕೊಟ್ಟವರು ಓದುತ್ತಾರೆ ಅನ್ನೋ ಭಯದಿಂದ ಪತ್ರಿಕೆಯವರೂ ಮೈಯೆಲ್ಲ ಕಣ್ಣಾಗಿ ಬರೆಯುತ್ತಿದ್ದರು. ಅರಮನೆಯ ಸ್ವಾಗತಕೂಟಗಳ ಉಡುಪಿನ ವರ್ಣನೆ ಮಾತ್ರ ಜಾರು ನೆಲ. ಬಹಳ ಸಲ ಅದನ್ನು ಪತ್ರಿಕೆಗೆ ಕಳಿಸುತ್ತಿದ್ದವರು ಬಟ್ಟೆ ಹೊಲಿದ ಅಂಗಡಿಯವರೇ, ಅದೂ ಸಮಾರಂಭಕ್ಕೆ ಮುಂಚೆ. ಗೌನಿನ ಲೇಸ್ ಬಗ್ಗೆ ಅವರ ಮಾತು ವೇದವಾಕ್ಯ. ಕೊನೇ ಗಳಿಗೆಯಲ್ಲಿ ರಾಣಿ ಪಚ್ಚೆ ಬೇಡ, ನೀಲ ತನ್ನಿ ಅಂದಿದ್ದರೆ ಹೊಲಿಗೆಯವಳಿಗೆ ಹೇಗೆ ಗೊತ್ತಾಗಬೇಕು?

ಹಾಗಾದರೆ ಫೋಟೊ ನೋಡಿದರೆ ಆಯ್ತಲ್ವಾ ಅನ್ನಬಹುದು. ಕಪ್ಪುಬಿಳುಪು ಫೋಟೊದಲ್ಲಿ ಪಚ್ಚೆ ಯಾವುದು, ಕೆಂಪು ಯಾವುದು, ನೀಲ ಯಾವುದು? ಇನ್ನೂ ಮೋಜಿನ ಸಂಗತಿ ಏನೆಂದರೆ, ಹಳೇ ಫೋಟೊ ಪ್ಲೇಟುಗಳಿಗೆ ನೀಲಿ ಬೆಳಕು ಚೆನ್ನಾಗಿ ತಾಕುತ್ತಿತ್ತು, ಕೆಂಪು ಬಹುತೇಕ ತಾಕುತ್ತಲೇ ಇರಲಿಲ್ಲ. ಹಾಗಾಗಿ ನೀಲಿ ಬಣ್ಣ ಇದ್ದದ್ದಕ್ಕಿಂತ ತಿಳಿಯಾಗಿಯೂ, ಕೆಂಪು ಕಪ್ಪಾಗಿಯೂ ಬೀಳುತ್ತಿತ್ತು. ಹಸಿರಿನ ಕಥೆ ಪ್ಲೇಟಿನ ಜಾತಿಯ ಮೇಲೆ ನಿಂತಿತ್ತು. ಫೋಟೊದಲ್ಲಿ ಕಡುಗಪ್ಪಾಗಿ ಕಂಡದ್ದೆಲ್ಲ ಪಚ್ಚೆ ಅಂತ ತೀರ್ಮಾನ ಮಾಡಿದರೆ ಎಷ್ಟೋ ಕೆಂಪುಗಳು ಹಸಿರಾಗಿಬಿಡುತ್ತವೆ.

ಅಚ್ಚಾದ ಪುಟವನ್ನು ಭೂತಗನ್ನಡಿ ಹಿಡಿದು ನೋಡಿದರೆ ಇನ್ನೂ ನಿರಾಸೆ. ಹತ್ತಿರ ಹೋದಷ್ಟೂ ಹರಳು ಮಾಯ. ಅಲ್ಲಿರೋದು ಶಾಯಿಯ ಚುಕ್ಕೆಗಳು ಮಾತ್ರ. ದೊಡ್ಡ ಚುಕ್ಕೆ ಒತ್ತಾಗಿರುವ ಕಡೆ ಕಪ್ಪು, ಸಣ್ಣ ಚುಕ್ಕೆ ಇರುವ ಕಡೆ ಬೂದು. ಕಿವಿಯೋಲೆ ಎಂಟು ಚುಕ್ಕೆಯಲ್ಲಿ ಮುಗಿದುಹೋಗಿರುತ್ತದೆ. ಆಗ ಪೇಪರನ್ನು ಒಂದು ಮೊಳ ದೂರ ಹಿಡಿದು ಕಣ್ಣು ಕಿರಿದು ಮಾಡಿ ನೋಡಬೇಕು. ರಷ್ಯನ್ ಟಿಯಾರಾದ ವಿಚಾರದಲ್ಲಿ ಇದು ನಿಜಕ್ಕೂ ಫಲ ಕೊಡುತ್ತದೆ. ಬಳೆಯೊಳಗೆ ಬಿಳಿ ಬೊಟ್ಟು ತೂಗುತ್ತಿದ್ದರೆ ಮುತ್ತು. ಕಪ್ಪು ಬೊಟ್ಟು, ಅದರ ಉಬ್ಬಿನ ಮೇಲೆ ಒಂದು ಬೆಳಕಿನ ಗೆರೆ ಇದ್ದರೆ ಪಚ್ಚೆ. ಕ್ಯಾಬೊಶಾನ್ ನೆನಪಿಟ್ಟುಕೊಳ್ಳಿ ಅಂದಿದ್ದು ಇದಕ್ಕೇ. ಮುಖ ಕತ್ತರಿಸಿದ ಹರಳು ಬೆಳಕನ್ನು ಚೂರುಚೂರು ಮಾಡಿ ಎಸೆಯುತ್ತದೆ. ಉಬ್ಬು ಹರಳಿನ ಮೇಲೆ ಬೆಳಕು ಒಂದೇ ಕಡೆ ನಿಲ್ಲುತ್ತದೆ, ಕೆಟ್ಟ ಅಚ್ಚಿನಲ್ಲೂ ಆ ಒಂದು ಬಿಳಿ ಗೆರೆ ಉಳಿದುಕೊಂಡಿರುತ್ತದೆ.

ತೂಕದ ಬಗ್ಗೆಯೂ ಒಂದು ಮಾತು. ಹಳೇ ಪೇಪರಿನ ಕ್ಯಾರಟ್ ಈಗಿನ ಕ್ಯಾರಟ್ ಅಲ್ಲ. ಈಗ ಒಂದು ಕ್ಯಾರಟ್ ಅಂದರೆ ಸರಿಯಾಗಿ 200 ಮಿಲಿಗ್ರಾಂ. ಇಂಗ್ಲೆಂಡಿನಲ್ಲಿ ಇದು ಜಾರಿಗೆ ಬಂದದ್ದು 1914ರಲ್ಲಿ. ಅದಕ್ಕೆ ಮುಂಚೆ ಅಲ್ಲಿನ ಕ್ಯಾರಟ್ ಸುಮಾರು 205 ಮಿಲಿಗ್ರಾಂ. 1905ರಲ್ಲಿ ಕಲಿನನ್ ವಜ್ರ ಸಿಕ್ಕಾಗ ಅದು ಸುಮಾರು 3,025 ಕ್ಯಾರಟ್. ಈಗಿನ ಪುಸ್ತಕಗಳಲ್ಲಿ 3,106. ವಜ್ರ ಬೆಳೆದಿಲ್ಲ, ತಕ್ಕಡಿಯ ಬೊಟ್ಟು ಬದಲಾಗಿದೆ. ಹಳೇ ವರದಿಯಲ್ಲಿ 39 ಕ್ಯಾರಟ್ ಅಂತ ಓದಿದ ಹರಳು ಈಗಿನ ಹರಾಜು ಪಟ್ಟಿಯಲ್ಲಿ 40 ಅಂತಿದ್ದರೆ ಬೇರೆ ಹರಳು ಅಂತ ಬಿಸಾಕಬೇಡಿ.

ಗಾಳಿಸುದ್ದಿಯೇ ಒಡವೆಯನ್ನು ಹುಟ್ಟುಹಾಕುವುದೂ ಉಂಟು. ರಾಣಿ ಮೇರಿಯ ಮಗ ಎಂಟನೇ ಎಡ್ವರ್ಡ್ ಸಿಂಹಾಸನ ಬಿಟ್ಟ ಸಮಯದಲ್ಲಿ ಒಂದು ಮಾತು ಹಬ್ಬಿತು. ಅಜ್ಜಿ ಅಲೆಕ್ಸಾಂಡ್ರಾ ಬಿಟ್ಟು ಹೋದ ಪಚ್ಚೆಗಳನ್ನು ಎಡ್ವರ್ಡ್ ತಮ್ಮ ಪ್ರೇಯಸಿ ವಾಲಿಸ್ ಸಿಂಪ್ಸನ್‌ಗೆ ಕೊಟ್ಟುಬಿಟ್ಟರಂತೆ. 1936ರ ಡಿಸೆಂಬರ್ ಮೊದಲ ವಾರದವರೆಗೆ ಬ್ರಿಟಿಷ್ ಪತ್ರಿಕೆಗಳು ತಾವಾಗಿಯೇ ಬಾಯಿಗೆ ಬೀಗ ಹಾಕಿಕೊಂಡಿದ್ದವು. ಅಮೆರಿಕದವರು ಮಾತ್ರ ತಿಂಗಳುಗಟ್ಟಲೆ ಉಪ್ಪುಖಾರ ಹಚ್ಚಿ ಬರೆಯುತ್ತಿದ್ದರು. ಹಾಗಾಗಿ ಆ ಕಾಲದ ವಿಷಯಕ್ಕೆ ಲಂಡನ್ ಪೇಪರ್ ನೋಡಿದರೆ ಮೌನ, ಅಮೆರಿಕದ್ದು ನೋಡಿದರೆ ಗದ್ದಲ. ಎರಡೂ ಸಾಕ್ಷಿಯಲ್ಲ. 1946ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಸನ್ನಿಂಗ್‌ಡೇಲ್‌ನಲ್ಲಿ ಈ ದಂಪತಿ ತಂಗಿದ್ದ ಮನೆಗೆ ಕಳ್ಳರು ನುಗ್ಗಿ ಒಡವೆ ಕದ್ದಾಗ ಅಜ್ಜಿಯ ಪಚ್ಚೆಯ ಕಥೆ ಮತ್ತೆ ಎದ್ದು ಕೂತಿತು. ನನ್ನ ಮಟ್ಟಿಗೆ ಇದು ಅಂತೆಕಂತೆಗಳ ಸಂತೆ. ವಾಲಿಸ್ ಅವರ ಬೆರಳಲ್ಲಿದ್ದ 19.77 ಕ್ಯಾರಟ್‌ನ ನಿಶ್ಚಿತಾರ್ಥದ ಪಚ್ಚೆ ಕಾರ್ಟಿಯರ್ ಕಂಪನಿಯಿಂದ ಬಂದದ್ದು. ಆ ಪಚ್ಚೆಯನ್ನು ಎಲ್ಲರೂ ಕಂಡಿದ್ದರು. ಕಂಡ ಒಂದು ಪಚ್ಚೆಗೆ ಕಾಣದ ಹತ್ತು ಪಚ್ಚೆಗಳನ್ನು ಜೋಡಿಸೋದು ಕಷ್ಟದ ಕೆಲಸವಲ್ಲ.

ಇದಕ್ಕೆ ತದ್ವಿರುದ್ಧ ಗ್ರೆವಿಲ್ ಪಚ್ಚೆ. ಶ್ರೀಮಂತೆ ಮಾರ್ಗರೆಟ್ ಗ್ರೆವಿಲ್‌ಗೆಂದು ಬೂಶೆರಾನ್ ಕಂಪನಿ 1919ರಲ್ಲಿ ಮಾಡಿದ ಟಿಯಾರಾ ಅದು. 1942ರಲ್ಲಿ ಆಕೆ ತೀರಿಕೊಂಡಾಗ ಒಡವೆಗಳೆಲ್ಲ ಆರನೇ ಜಾರ್ಜ್‌ರ ರಾಣಿ ಎಲಿಜಬೆತ್‌ಗೆ ಹೋದವು. ಆಮೇಲೆ ಎಪ್ಪತ್ತಕ್ಕೂ ಜಾಸ್ತಿ ವರ್ಷ ಈ ಟಿಯಾರಾ ಯಾರ ತಲೆಯ ಮೇಲೂ ಪೇಪರ್‌ನವರ ಕಣ್ಣಿಗೆ ಬೀಳಲಿಲ್ಲ. 2018ರ ಅಕ್ಟೋಬರ್ 12ರಂದು ರಾಜಕುಮಾರಿ ಯುಜಿನಿ ತಮ್ಮ ಮದುವೆಗೆ ಅದನ್ನೇ ಧರಿಸಿ ಬಂದಾಗ ಒಡವೆ ಬಲ್ಲವರೇ ಬೆಚ್ಚಿಬಿದ್ದರು. ನಡುವಿನ ಹರಳೊಂದೇ 93.70 ಕ್ಯಾರಟ್! ಅಷ್ಟು ದೊಡ್ಡ ಪಚ್ಚೆ ಅಷ್ಟು ವರ್ಷ ಕಪಾಟಿನಲ್ಲಿ ಕೂತಿತ್ತು, ಒಂದು ಸಾಲು ಸುದ್ದಿಯಾಗದೆ. ಪೇಪರ್‌ನಲ್ಲಿ ಇಲ್ಲ ಅಂದರೆ ಮಾರಿಹೋಗಿದೆ, ಮುರಿದುಹೋಗಿದೆ ಅಂತ ಬರೆಯುವವರು ಇದನ್ನೊಮ್ಮೆ ನೆನಪಿಸಿಕೊಳ್ಳಬೇಕು.

ಪಚ್ಚೆಯ ಜಾಡು ಜಾಹೀರಾತಿನ ಪುಟದಲ್ಲೂ ಸಿಗುತ್ತದೆ. ನೆಪೋಲಿಯನ್ 1810ರಲ್ಲಿ ಎರಡನೇ ಮದುವೆಯಾದಾಗ ಹೆಂಡತಿ ಮರಿ ಲೂಯಿಸ್‌ಗೆ ನಿತೋ ಎಂಬ ಒಡವೆಗಾರರ ಕೈಲಿ ಪಚ್ಚೆಯ ಸೆಟ್ ಮಾಡಿಸಿಕೊಟ್ಟ. ಅದರಲ್ಲಿ ಒಂದು ಕಿರೀಟದಂಥ ಡಯಾಡೆಮ್, ನೆಕ್ಲೇಸ್, ಓಲೆ ಇದ್ದವು. ಡಯಾಡೆಮ್‌ನಲ್ಲಿ 79 ಪಚ್ಚೆ. 1953ರಲ್ಲಿ ಅದು ಮರಿ ಲೂಯಿಸ್‌ ಬಳಗದವರ ಕೈಯಿಂದ ವಾನ್ ಕ್ಲೀಫ್ ಆಂಡ್ ಆರ್ಪೆಲ್ಸ್ ಕಂಪನಿಗೆ ಮಾರಾಟವಾಯಿತು. ಅವರು ಪಚ್ಚೆಗಳನ್ನು ಒಂದೊಂದಾಗಿ ಕಿತ್ತು ಬೇರೆ ಬೇರೆ ಒಡವೆಗೆ ಕೂರಿಸಿ ಮಾರಿದರು. 1955ರಲ್ಲಿ ಪತ್ರಿಕೆಯಲ್ಲಿ ಜಾಹೀರಾತೂ ಕೊಟ್ಟರು. ನೆಪೋಲಿಯನ್ ಕಾಲದ ಕಿರೀಟದ ಒಂದು ಪಚ್ಚೆ ನಿಮಗೂ ಬೇಕೆ ಅನ್ನೋ ಅರ್ಥದ್ದು. ಆಮೇಲೆ ಖಾಲಿ ಗೂಡುಗಳಿಗೆ ನೀಲಿಹಸಿರು ಟರ್ಕಾಯ್ಸ್ ಹರಳು ತುಂಬಿದರು. 1971ರಿಂದ ಆ ಡಯಾಡೆಮ್ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ನೋಡಲು ಬಂದವರು ಟರ್ಕಾಯ್ಸ್ ನೋಡಿ ಹೋಗುತ್ತಾರೆ. 79 ಪಚ್ಚೆಗಳು ಯಾರ್ಯಾರ ಉಂಗುರದಲ್ಲೋ, ಬ್ರೋಚ್‌ನಲ್ಲೋ ಹಂಚಿಹೋಗಿವೆ. ಅವು ಹಾಗೆ ಊರೂರು ಸೇರಿದ್ದಕ್ಕೆ ಎಲ್ಲರ ಕಣ್ಣೆದುರು ಅಚ್ಚಾದ ಸಾಕ್ಷಿ ಅಂದರೆ ಆ ಜಾಹೀರಾತು.

ಅದೇ ಸೆಟ್‌ನ ನೆಕ್ಲೇಸ್ ಮತ್ತು ಓಲೆಗಳಿಗೆ ಆ ಗತಿ ಬಂದಿರಲಿಲ್ಲ. ಅವುಗಳ ಪಚ್ಚೆ ಇದ್ದ ಹಾಗೇ ಇದ್ದವು. 2004ರಲ್ಲಿ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ಅವನ್ನು ಕೊಂಡುಕೊಂಡಿತು. 2025ರ ಅಕ್ಟೋಬರ್ 19ರ ಭಾನುವಾರ ಬೆಳಿಗ್ಗೆ ಕಳ್ಳರು ಆ ಮ್ಯೂಸಿಯಂನ ಅಪೋಲೊ ಗ್ಯಾಲರಿಗೆ ನುಗ್ಗಿ ಕೆಲವೇ ನಿಮಿಷಗಳಲ್ಲಿ ಎತ್ತಿಕೊಂಡು ಹೋದ ಒಡವೆಗಳಲ್ಲಿ ಆ ನೆಕ್ಲೇಸ್ ಮತ್ತು ಆ ಓಲೆಗಳೂ ಸೇರಿದ್ದವು. ನೆಕ್ಲೇಸ್‌ನ ಲೆಕ್ಕ ಆ ವಾರದ ಪತ್ರಿಕೆಗಳಲ್ಲಿ ಊರೂರಿನ ಭಾಷೆಯಲ್ಲಿ ಅಚ್ಚಾಗಿದೆ: ಪಚ್ಚೆ 32, ಅದರಲ್ಲಿ ಹನಿಯಾಕಾರದವು 10, ವಜ್ರ 1,138.